ಸೈಕಲ್ ಬೆಲ್ ಮಾತ್ರ ಉಳಿದ ಸಿಡಿ

ಸೋದರಮಾವ ನಿನ್ನೆ ಮೊಮ್ಮಗಳ ಡಾನ್ಸಿನ ವಿಡಿಯೋ ನನ್ನ ಫೋನಿಗೆ ಕಳಿಸಿದರು. "ದೊಡ್ಡಮ್ಮ, ಚಿತ್ರ ಬರುವುದಿಲ್ಲ, ದನಿ ಮಾತ್ರ ಉಂಟು," ಎಂದಳು ತಂಗಿಯ ಮಗಳು. ನನ್ನ ಹಳೆಯ ಸಿಟ್ಟು ನೆತ್ತಿಗೇರಿತು.

ನಾನು ಚಿಕ್ಕವಳಿದ್ದಾಗ ಅಪ್ಪ ದುಬೈಯಲ್ಲಿದ್ದರು. ನಾನು ಸೈಕಲ್ ಕಲಿತದ್ದನ್ನು ಅವರು ನೋಡಲೆಂದು ನರಿಕೊಂಬಿನ ನಮ್ಮ ಅಂಗಳದಲ್ಲಿ ಸ್ಟುಡಿಯೋದವರಿಂದ ವಿಡಿಯೋ ಮಾಡಿಸಿದೆವು. ಅಮ್ಮ, ಅಜ್ಜಿ ಕ್ಯಾಮೆರಾದ ಮುಂದೆ ಕೂತು ಮಾತಾಡಿದರು. ನಾನು ಬಾಯಿ ಬಿಗಿಹಿಡಿದು, ಬೆಲ್ ಹೊಡೆಯುತ್ತಾ ಅವರ ಸುತ್ತ ಸೈಕಲ್ ಬಿಟ್ಟೆ. ದುಬೈಗೆ ಹೊರಟಿದ್ದ ಇದೇ ಮಾವ ಅದನ್ನು ಬಿ.ಸಿ.ರೋಡ್ ಪೇಟೆಯಲ್ಲಿ ಸಿಡಿಗೆ ಹಾಕಿಸಿ ಒಯ್ದರು.

ಕೆಲವು ದಿನ ಬಿಟ್ಟು ಅಪ್ಪನ ಫೋನ್ ಬಂತು.

"ಎಲ್ಲರ ದನಿ ಕೇಳಿದೆ ಮಗಾ. ನೀನ್ಯಾಕೆ ಮಾತಾಡಲಿಲ್ಲ? ನಡುವೆ ಬೆಲ್ ಕೇಳ್ತಿತ್ತು, ಐಸ್‌ಕ್ಯಾಂಡಿಯವ ಬಂದಿದ್ನಾ?"

ಮಾವ ಆ ಸಿಡಿಯಲ್ಲಿ ತಮ್ಮ ಹೊಸ ಮನೆ ಒಕ್ಕಲಿನ ವಿಡಿಯೋ ತುಂಬಿಸಿದ್ದರು. ಜಾಗ ಸಾಲದೆಂದು ನಮ್ಮದರಲ್ಲಿ ಚಿತ್ರ ಬಿಟ್ಟು ದನಿ ಮಾತ್ರ ಹಾಕಿಸಿದ್ದರು. ಮೊದಲು ಹಿಡಿದಿದ್ದ ಕ್ಯಾಸೆಟ್ಟಿನ ಮೇಲೆ ಸ್ಟುಡಿಯೋದವರು ಆಗಲೇ ಯಾರದೋ ಮದುವೆ ಹಿಡಿದಾಗಿತ್ತು. ಕೇಳಿದ್ದಕ್ಕೆ ಮಾವ ನಕ್ಕರು: "ದನಿ ಕೇಳಿತಲ್ಲ ಮಾರಾಯ್ತಿ, ಮತ್ತೆಂತ ಬೇಕು?"

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಈ ವಿಡಿಯೋ ಫೈಲಿನ ವಿದ್ಯೆ ತಿಳಿಯದು. ಮೋಸ ತಿಳಿಯುತ್ತದೆ.

"ಇನ್ನೊಮ್ಮೆ ಕಳಿಸಲು ಹೇಳಲಾ ದೊಡ್ಡಮ್ಮ?" ಎಂದಳು ತಂಗಿಯ ಮಗಳು.

"ಬೇಡ," ಎಂದೆ. "ದನಿ ಕೇಳಿತಲ್ಲ, ಮತ್ತೆಂತ ಬೇಕು?"