ಖಾಲಿ ಬಿದ್ದಿದ್ದ ಹೆಸರು

ಅವ್ವನ ಎಲೆಯಡಿಕೆಯ ಸಂಚಿ ಈಗ ನನ್ನ ಹತ್ತಿರವಿದೆ. ನಾಲ್ಕು ಜೇಬಿನ, ಅಂಚಿಗೆ ಕಸೂತಿ ಹಾಕಿದ, ಬಣ್ಣ ಮಾಸಿ ಯಾವ ಬಣ್ಣವೆಂದು ಹೇಳಲು ಬಾರದಂತಾಗಿರುವ ಬಟ್ಟೆಯ ಸಂಚಿ. ಮೊನ್ನೆ ಕಪಾಟು ಹಸನು ಮಾಡುವಾಗ ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದು ಕೊಡವಿದರೆ, ಒಣಗಿದ ಸುಣ್ಣದ ಪುಡಿ, ಕಲ್ಲಿನಂತಾದ ಒಂದು ಅಡಿಕೆ ಹೋಳು, ಅವುಗಳ ಹಿಂದೆಯೇ ಹಿತ್ತಾಳೆಯ ಒಂದು ಬಿಲ್ಲೆ ಟಣ್ಣೆಂದು ನೆಲಕ್ಕೆ ಬಿದ್ದವು. ಮೇಲ್ಗಡೆ ಒಂದು ತೂತು, ನಡುವೆ ಅರ್ಧ ಸವೆದ ನಂಬರು, ಅಷ್ಟೇ. ಮೊಮ್ಮಗಳು ಅದನ್ನೆತ್ತಿಕೊಂಡು, "ಅಜ್ಜಾ, ಯೇ ಕ್ಯಾ ಹೈ? ಯಾರದು ಇದು?" ಎಂದು ತನ್ನ ಮುಂಬಯಿ ಕನ್ನಡದಲ್ಲಿ ಕೇಳಿದಳು. ನಾಯಿಯದು ಎಂದೆ. "ನಾಯಿದು ನಾಮ್ ಏನು?" ಎಂದಳು. ಇಷ್ಟು ಸರಳ ಪ್ರಶ್ನೆಗೆ ಎಪ್ಪತ್ತು ದಾಟಿದ ಮನುಷ್ಯ ಥಟ್ಟನೆ ಉತ್ತರ ಕೊಡಬೇಕಿತ್ತು. ನಾನು ಚಹಾ ಮಾಡಿಕೊಂಡು ಬರುತ್ತೇನೆಂದು ಒಳಗೆ ಹೋದೆ.

ನಾಯಿಯ ಹೆಸರಿಗಿಂತ ಮೊದಲು ನನ್ನ ಹೆಸರನ್ನು ಹೇಳಿಬಿಡಬೇಕು, ಗೆಳೆಯರೇ. ಏಕೆಂದರೆ ನಾನು ಹೇಳಹೊರಟ ಕಾಲದಲ್ಲಿ ಅದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಮುಂಬಯಿಯ ಭಾಂಡುಪಿನ ಒಂದು ಚಾಳಿನ ಎರಡನೆಯ ಮಹಡಿಯಲ್ಲಿ ನನ್ನ ಒಂದು ಖೋಲಿ, ಅಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ ಒಂದು ಕಾರಖಾನೆ, ಆ ಕಾರಖಾನೆಯಲ್ಲಿ ನಾನು ಟೈಮ್‌ಕೀಪರ್. ಪ್ರತಿದಿನ ಮುಂಜಾನೆ ಹಾಜರಿ ಪುಸ್ತಕ ಹಿಡಿದು ಇನ್ನೂರು ಜನರ ಹೆಸರನ್ನು ಗಂಟಲು ಬಿಚ್ಚಿ ಕೂಗುವುದು ನನ್ನ ಉದ್ಯೋಗ, ಸ್ವಂತ ಹೆಸರನ್ನು ನುಂಗಿಕೊಂಡು ಕೂಡುವುದು ನನ್ನ ಸ್ವಭಾವ. ಎಲ್ಲರಿಗೂ ನಾನು ಟಿ. ಎಸ್. ಆ ಟಿ ಎಂಬ ಪರದೆಯ ಹಿಂದೆ ಬಾಗಲಕೋಟೆ ಕಡೆಯ ತಿಪ್ಪಣ್ಣನೊಬ್ಬ ಉಸಿರು ಬಿಗಿಹಿಡಿದು ಕೂತಿದ್ದ.

ತಿಪ್ಪಣ್ಣ ಎಂಬ ಹೆಸರು ಯಾಕೆ ಬರುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನನಗಿಂತ ಮೊದಲು ಅವ್ವನಿಗೆ ಎರಡು ಗಂಡು ಕೂಸುಗಳಾಗಿದ್ದವು. ಒಬ್ಬ ರಾಜಶೇಖರ, ಇನ್ನೊಬ್ಬ ಚಂದ್ರಕಾಂತ. ತೊಟ್ಟಿಲು ಕಟ್ಟಿ, ಓಣಿಯ ಹೆಂಗಸರನ್ನೆಲ್ಲ ಕರೆದು, ಬಾಯಿತುಂಬ ಇಟ್ಟ ಹೆಸರುಗಳು. ಮೊದಲನೆಯವನು ಹಲ್ಲು ಬರುವ ಮೊದಲೇ ಹೋದ, ಎರಡನೆಯವನು ಅಂಬೆಗಾಲಿಡುವಾಗ ಹೋದ. ಮೂರನೆಯವನಾಗಿ ನಾನು ಹುಟ್ಟಿದಾಗ ತೊಟ್ಟಿಲಿಲ್ಲ, ಹಾಡಿಲ್ಲ. ಸೂಲಗಿತ್ತಿ ನನ್ನನ್ನು ಮೊರದಲ್ಲಿಟ್ಟುಕೊಂಡು ಹೋಗಿ ಹಿತ್ತಲಿನ ತಿಪ್ಪೆಯ ಮೇಲೆ ಮಲಗಿಸಿ ಬಂದಳು. ನೆರೆಮನೆಯಾಕೆ "ಅಯ್ಯ, ಇಲ್ಲೊಂದು ಕೂಸು ಬಿದ್ದೈತಿ" ಎಂದು ಎತ್ತಿಕೊಂಡು ಬಂದಳು. ಅವ್ವ ಒಂದು ಮೊರ ಜೋಳ ಕೊಟ್ಟು ಆಕೆಯಿಂದ ನನ್ನನ್ನು ಕೊಂಡುಕೊಂಡಳು, ಇದು ತನ್ನ ಹೊಟ್ಟೆಯದಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು ಎಂದು ಬಾಗಿಲಲ್ಲಿ ನಿಂತು ಮೂರು ಸಲ ಜೋರಾಗಿ ಹೇಳಿದಳು. ಯಾರ ಕಿವಿಗೆ ಬೀಳಬೇಕಿತ್ತೋ ಅವನ ಕಿವಿಗೆ ಅದು ಬಿದ್ದಿರಬೇಕು. ನಾನು ಉಳಿದೆ.

ಉಳಿದವನಿಗೆ ಉಪಕಾರ ಸ್ಮರಣೆ ಬೇಕಲ್ಲ, ಅದು ನನಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಭಾಂಡುಪಿಗೆ ಕರೆತಂದೆ. ಬಂದ ಮೊದಲ ವಾರದಲ್ಲೇ ಆಕೆ ಚಾಳಿನ ಗ್ಯಾಲರಿಯಲ್ಲಿ ನಿಂತು, ಕೆಳಗೆ ಕಾರಖಾನೆಯ ಗೆಳೆಯರೊಂದಿಗೆ ಮಾತಾಡುತ್ತಿದ್ದ ನನ್ನನ್ನು, ಹೊಲದಾಚೆಗೂ ಕೇಳುವ ತನ್ನ ದನಿಯಲ್ಲಿ, "ಏ ತಿಪ್ಯಾ, ಉಣ್ಣಾಕ ಬಾರೋ!" ಎಂದು ಕರೆದುಬಿಟ್ಟಳು. ಮರಾಠಿಯವರಿಗೆ ತಿಳಿಯಲಿಕ್ಕಿಲ್ಲ ನಿಜ. ಆದರೆ ಭಾಂಡುಪಿನಲ್ಲಿ ಕನ್ನಡ ಬಲ್ಲವರಿಗೇನು ಬರವೇ? ಗೆಳೆಯರಲ್ಲೊಬ್ಬ ಮುಸಿಮುಸಿ ನಕ್ಕ. ನಾನು ಮೇಲೆ ಹೋಗಿ ತಾಟಿನ ಮುಂದೆ ಕೂತು, ಇನ್ನು ಮುಂದೆ ಇಲ್ಲಿ ಆ ಹೆಸರು ಕರೆಯಬೇಡ ಎಂದು ಅವ್ವನಿಗೆ ಹೇಳಿದೆ. "ಮತ್ತ ಏನಂತ ಕರೀಲೋ?" ಎಂದಳು. ಎಲ್ಲರೂ ಟಿ. ಎಸ್. ಎನ್ನುತ್ತಾರೆ ಎಂದೆ. ಹೆತ್ತ ಮಗನನ್ನು ಇಂಗ್ಲಿಷಿನ ಎರಡು ಅಕ್ಷರಗಳಿಂದ ಕರೆಯುವುದು ಆಕೆಯಿಂದಾಗಲಿಲ್ಲ. ಅಂದಿನಿಂದ ನಾನು ಮನೆಯಲ್ಲಿ "ಇಲ್ಲಿ ನೋಡು", "ಏನಪಾ" ಆದೆ.

ನಾಯಿ ಬಂದದ್ದು ಅದರ ಮರುವರ್ಷದ ಮಳೆಗಾಲದಲ್ಲಿ. ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ಬಂದಾಗಿದ್ದ ದಿನ, ಕುರ್ಲಾದಲ್ಲಿ ಯಾವುದೋ ಕೆಲಸಕ್ಕೆ ಹೋಗಿದ್ದ ನಾನು ನಡೆದೇ ಮನೆಗೆ ಬರುತ್ತಿದ್ದೆ. ಭಾಂಡುಪ್ ಸ್ಟೇಷನ್ನಿನ ಗೋಡೆಯ ಪಕ್ಕದ ಗಟಾರದಲ್ಲಿ, ಕಂದು ಬಣ್ಣದ ಒಂದು ನಾಯಿ ಕಲ್ಲಿನ ಸಂದಿಗೆ ಹಿಂಗಾಲು ಸಿಕ್ಕಿಸಿಕೊಂಡು, ಮೂಗನ್ನಷ್ಟೇ ನೀರಿನ ಮೇಲಿಟ್ಟು ನಿಂತಿತ್ತು. ಕೂಗುತ್ತಲೂ ಇರಲಿಲ್ಲ. ಕೂಗಿದ್ದರೆ ಬಹುಶಃ ನಾನು ಮುಂದೆ ಹೋಗುತ್ತಿದ್ದೆ. ಕಾಲು ಬಿಡಿಸಿ, ರೇನ್‌ಕೋಟಿನಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಅವ್ವ ಬಾಗಿಲಿಗೆ ಅಡ್ಡ ನಿಂತು, "ಒಳಗ ತರಬ್ಯಾಡ ಅದನ್ನ" ಎಂದು ಗದರಿಸಿದಳು. ಅದನ್ನು ಗ್ಯಾಲರಿಯಲ್ಲೇ ಬಿಟ್ಟು ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ, ಮರುದಿನದ ಚಹಾಕ್ಕೆಂದು ಬಾಟಲಿಯಲ್ಲಿಟ್ಟಿದ್ದ ಹಾಲಿನಲ್ಲಿ ರೊಟ್ಟಿ ನೆನೆಸಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಿನ್ನಿಸುತ್ತಿದ್ದಳು.

ಬದುಕಿತು, ಆದರೆ ಆ ಕಾಲು ಕುಂಟಾಗಿಯೇ ಉಳಿಯಿತು. ಇನ್ನು ಹೆಸರಿನ ಪ್ರಶ್ನೆ. ಪಕ್ಕದ ಖೋಲಿಯಲ್ಲಿದ್ದ, ಮುಲುಂಡಿನ ಹೋಟೆಲೊಂದರಲ್ಲಿ ಕೆಲಸ ಮಾಡುತ್ತಿದ್ದ ಉಡುಪಿ ಕಡೆಯ ಶೆಟ್ಟರು, "ನಾಯಿಗೆ ಇಂಗ್ಲಿಷ್ ಹೆಸ್ರೇ ಇಡ್ಬೇಕು ಮಾರಾಯ್ರೆ, ಇಲ್ಲದಿದ್ರೆ ಅದು ಮಾತು ಕೇಳುದೇ ಇಲ್ಲ" ಎಂದರು. ಊರಿನ ಅವರ ಮನೆಯಲ್ಲಿ ಮೂರು ತಲೆಮಾರಿನ ನಾಯಿಗಳೂ ಟೈಗರುಗಳೇ ಅಂತೆ. ನನಗೆ ಮಾತ್ರ ಈ ವಿಷಯದಲ್ಲಿ ದೊಡ್ಡ ಮಹತ್ವಾಕಾಂಕ್ಷೆ. ನನಗೆ ಸಿಗಬೇಕಿದ್ದು ಸಿಗದೇ ಹೋದ ಚಂದದ ಹೆಸರುಗಳನ್ನೆಲ್ಲ ಹಾಜರಿ ಪುಸ್ತಕದಿಂದ ಆರಿಸಿ, ಪಟ್ಟಿ ಮಾಡಿ, ದಿನಾ ಸಂಜೆ ಅವ್ವನ ಮುಂದೆ ಓದುತ್ತಿದ್ದೆ. ಅಶೋಕ, ಪ್ರತಾಪ, ದಿಲೀಪ. ನಾನಿಡಹೊರಟ ಹೆಸರಿಗೆಲ್ಲ ಅವ್ವ ಹೆಸರಿಡುತ್ತಾ, ಕೊಂಕು ತೆಗೆಯುತ್ತಾ ಹೋದಳು. ಕೊನೆಗೆ ರಣಧೀರ ಎಂದು ನಾನೇ ತೀರ್ಮಾನಿಸಿದೆ. ಅವ್ವ ಅದರ ಕುಂಟುಗಾಲನ್ನೊಮ್ಮೆ ನೋಡಿ, "ಇಷ್ಟು ದೊಡ್ಡ ಹೆಸರು ಹೊರಾಕ ಅದಕ್ಕ ಶಕ್ತಿ ಐತೇನು?" ಎಂದಳು. ನಾನು ನಕ್ಕೆ. ಆಕೆ ನಗಲಿಲ್ಲ.

ಆಗ ಕೊರಳಲ್ಲಿ ಬಿಲ್ಲೆ ಇಲ್ಲದ ನಾಯಿಗಳನ್ನು ಹಿಡಿದೊಯ್ಯುವ ಗಾಡಿಯೊಂದು ನಮ್ಮ ಕಡೆ ಬರುತ್ತಿತ್ತು. ಬಿಲ್ಲೆ ಬೇಕಾದರೆ ಅರ್ಜಿಯಲ್ಲಿ ಮಾಲಿಕನ ಹೆಸರಿನೊಂದಿಗೆ ನಾಯಿಯ ಹೆಸರನ್ನೂ ಬರೆದುಕೊಡಬೇಕಿತ್ತು. ನಾನು ಅರ್ಜಿ ತಂದು ಪೆನ್ನು ತೆರೆದಾಗ ಅವ್ವ ಕೈ ಹಿಡಿದಳು. "ಆ ಹೆಸರು ಕಾಗದದಾಗ ಬರೀಬ್ಯಾಡಪಾ. ಈ ಮಳಿಗಾಲ ಒಂದು ಕಳೀಲಿ. ದೊಡ್ಡ ಹೆಸರು ಇಟ್ಟು ಎರಡು ಕಳಕೊಂಡೀನಿ ನಾ." ಸತ್ತ ಮಕ್ಕಳ ಮಾತನ್ನು ಅವ್ವ ನನ್ನೆದುರು ಎತ್ತಿದ್ದು ಅದೇ ಮೊದಲು. ಅರ್ಜಿಯನ್ನು ಮಡಿಚಿ ದೇವರ ಫೋಟೋದ ಹಿಂದೆ ಸಿಕ್ಕಿಸಿದೆ. ಉಳಿಸಲೆಂದು ಮಾಡಿದ ಆ ತಡವೇ ಅದರ ಜೀವಕ್ಕೆ ಕುತ್ತಾಗಿ ಬಂತು.

ಶ್ರಾವಣ ಮುಗಿಯುತ್ತ ಬಂದಿತ್ತು. ಒಂದು ದಿನ ಹನ್ನೊಂದರ ಸುಮಾರಿಗೆ ಕಾರಖಾನೆಯ ವಾಚ್‌ಮನ್ ಬಂದು, ಗೇಟಿನಲ್ಲಿ ಒಬ್ಬ ಮುದುಕಿ ಬಹಳ ಹೊತ್ತಿನಿಂದ ನಿಂತಿದ್ದಾಳೆ, ಯಾರು ಬೇಕೆಂದರೆ ಹೇಳುವುದಿಲ್ಲ, ಬರೀ ಅಳುತ್ತಾಳೆ ಎಂದ. ಹೋಗಿ ನೋಡಿದರೆ ಅವ್ವ. ಒಬ್ಬಳೇ ಎಂದೂ ಚಾಳಿನ ಅಂಗಳ ಬಿಟ್ಟು ಹೋಗದವಳು ಚಪ್ಪಲಿಯೂ ಇಲ್ಲದೆ ರಸ್ತೆ ದಾಟಿ ಬಂದಿದ್ದಳು. "ನಾ ನಳದ ಪಾಳಿಗೆ ನಿಂತಿದ್ನಿ. ಗಾಡಿಯವರು ಒಯ್ದರು ಅದನ್ನ" ಎಂದಳು. ಬಂದ ಕೂಡಲೇ ನನ್ನ ಹೆಸರು ಹೇಳಿ ಕರೆಸಬಾರದಿತ್ತೇ ಎಂದು ರೇಗಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನೀ ಬ್ಯಾಡಂದಿದ್ದಿಯಲ್ಲ" ಎಂದಳು.

ನಾಯಿಯ ಜೀವ ಹೋಗುವ ಹೊತ್ತಿನಲ್ಲೂ ಆಕೆ ನನ್ನ ಮರ್ಯಾದೆಯನ್ನು ಗೇಟಿನಲ್ಲಿ ಕಾಯುತ್ತ ನಿಂತಿದ್ದಳು.

ಹಿಡಿದ ನಾಯಿಗಳನ್ನು ಕೂಡಿಹಾಕುತ್ತಿದ್ದ ಕೊಂಡವಾಡ ದೂರವಿತ್ತು. ಕೆಲವು ದಿನ ಕಾಯುತ್ತಾರೆ, ಯಾರೂ ಕೇಳಲು ಬರದಿದ್ದರೆ ಮುಗಿಸಿಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಲೋಕಲ್ ಹಿಡಿದು, ಬಸ್ಸು ಹಿಡಿದು, ಅವ್ವನನ್ನು ಕೈಹಿಡಿದು ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತ ಒಳ್ಳೆಯವನೇ, ಆದರೆ ಕೆಲಸ ಬಲ್ಲವನು. ಬೇರೆಯವರ ನಾಯಿಯನ್ನು ತಮ್ಮದೆಂದು ಒಯ್ಯುವವರೂ ಇರುತ್ತಾರೆ, ನಿಮ್ಮದಾದರೆ ಕರೆದ ಕೂಡಲೇ ಬರಬೇಕಲ್ಲ ಎಂದು, "ನಾಮ್ ಲೇಕೆ ಬುಲಾವೋ", ಹೆಸರು ಹಿಡಿದು ಕರೆಯಿರಿ ಎಂದ.

ಸರಳುಗಳ ಆಚೆ ಇಪ್ಪತ್ತು ಮೂವತ್ತು ನಾಯಿಗಳು. ನಮ್ಮದು ದೂರದ ಮೂಲೆಯಲ್ಲಿ, ಗೋಡೆಗೆ ಮುಖಮಾಡಿ ಮುದುಡಿಕೊಂಡು ಬಿದ್ದಿತ್ತು. "ರಣಧೀರಾ!" ಎಂದೆ. ಎಲ್ಲ ನಾಯಿಗಳೂ ಬಾಲ ಆಡಿಸುತ್ತ ಸರಳುಗಳಿಗೆ ಬಂದವು, ಅದೊಂದನ್ನು ಬಿಟ್ಟು. ಮತ್ತೆ ಕರೆದೆ. ಹಾಜರಿ ಕೂಗುವ ದನಿಯಲ್ಲಿ ಮತ್ತೊಮ್ಮೆ ಕರೆದೆ. ಕಿವಿ ಕೂಡ ಅಲುಗಲಿಲ್ಲ. ಗುಮಾಸ್ತ ಪುಸ್ತಕ ಮುಚ್ಚಲು ಕೈ ಹಾಕಿದ. ಆಗ ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡಳು. ಒಮ್ಮೆ ನನ್ನ ಮುಖ ನೋಡಿದಳು, ತಪ್ಪು ಮಾಡಲಿರುವವಳ ಹಾಗೆ. ಆಮೇಲೆ ಕರೆದಳು.

"ತಿಪ್ಯಾ! ಬಾರೋ ಮಗನ!"

ನಾವಿಬ್ಬರೂ ತಿರುಗಿದೆವು. ನಾನು ನಿಂತಲ್ಲೇ ತಿರುಗಿದೆ. ಅದು ಎದ್ದು, ಕುಂಟುತ್ತ, ಉಳಿದ ನಾಯಿಗಳ ಕಾಲ ಸಂದಿಯಲ್ಲಿ ನುಗ್ಗುತ್ತ, ಅಳುವಿನಂಥ ಸದ್ದು ಮಾಡುತ್ತ ಬಂದು ಸರಳಿನೊಳಗಿಂದ ಅವ್ವನ ಕೈ ನೆಕ್ಕಲು ಹತ್ತಿತು.

ಗುಮಾಸ್ತ ಅಲ್ಲೇ ಅರ್ಜಿ ತುಂಬಿಸಲು ಕೂತ. ನಾಯಿಯ ಹೆಸರೇನು? ಅವ್ವ ನೆಲ ನೋಡುತ್ತಿದ್ದಳು. ತಿಪ್ಪಣ್ಣ ಎಂದೆ. ಮಾಲಿಕನ ಹೆಸರು? ಟಿ. ಎಸ್. ಎಂದೆ. ಹಾಗೆ ನಡೆಯುವುದಿಲ್ಲ, "ಪೂರಾ ನಾಮ್" ಎಂದ. ಊರು ಬಿಟ್ಟ ಮೇಲೆ ಮೊದಲ ಸಲ, ಗಂಟಲು ಸರಿಮಾಡಿಕೊಂಡು, ತಿಪ್ಪಣ್ಣ ಎಂದು ಹೇಳಿದೆ. ಗುಮಾಸ್ತ ಪೆನ್ನೆತ್ತಿ, ನಾಯಿಯದಲ್ಲ, ನಿಮ್ಮದು ಕೇಳಿದ್ದು ಎಂದ. ಎರಡೂ ಅದೇ ಎಂದೆ. ಅವನು ನನ್ನನ್ನೂ ನಾಯಿಯನ್ನೂ ಸರದಿಯಂತೆ ನೋಡಿ, ಎರಡು ಕಡೆಯೂ ಬರೆದುಕೊಂಡು, ಈ ಬಿಲ್ಲೆಯನ್ನು ಅವ್ವನ ಕೈಗಿಟ್ಟ.

ಬರುವಾಗ ಲೋಕಲ್ ಗಾಡಿಯ ಲಗೇಜ್ ಡಬ್ಬಿಯಲ್ಲಿ, ತರಕಾರಿ ಬುಟ್ಟಿಗಳ ನಡುವೆ ಮೂವರೂ ಕೂತೆವು. ಎಷ್ಟು ದಿನದಿಂದ ನಡೆದಿದೆ ಇದು ಎಂದು ಕೇಳಿದೆ. ಅವ್ವ ನಾಯಿಯ ತಲೆ ಸವರುತ್ತ ಹೇಳಿದಳು: "ಬಂದ ದಿನದಿಂದ. ನೀ ಕೆಲಸಕ್ಕ ಹ್ವಾದ ಮ್ಯಾಲ ಕರೀತಿದ್ನಿ. ಇಪ್ಪತ್ತು ವರ್ಸದ ಮ್ಯಾಲ ಕರದ ಬಾಯಿ, ಸುಮ್ಮನ ಹೆಂಗ ಇರ್ತೈತಿ? ಒಂದು ಜೀವಾ ಉಳಿಸಿದ ಹೆಸರು ಅದು. ಖಾಲಿ ಬಿದ್ದಿತ್ತು. ನಿನಗ ಬ್ಯಾಡಾಗಿತ್ತು, ಅದಕ್ಕ ಬೇಕಾಗಿತ್ತು."

ನಾನು ಹೊರಗೆ ನೋಡುತ್ತ ಕೂತೆ. ಅತ್ತುಬಿಟ್ಟೆ ಎಂದು ಹೇಳಲು ನನಗೀಗ ನಾಚಿಕೆಯಿಲ್ಲ.

ಹೆಸರು ನಮ್ಮದು ಎಂದುಕೊಳ್ಳುತ್ತೇವೆ, ಅದು ಚಂದವಿಲ್ಲವೆಂದು ಕೊರಗುತ್ತೇವೆ. ನಿಜವಾಗಿ ನಮ್ಮ ಹೆಸರನ್ನು ನಾವು ಬಳಸುವುದೇ ಅಪರೂಪ. ಅದನ್ನು ದಿನವೂ ಬಾಯಲ್ಲಿಟ್ಟುಕೊಂಡು ಬೆಚ್ಚಗಿಡುವವರು ಬೇರೆಯವರು. ರಾಜಶೇಖರ, ಚಂದ್ರಕಾಂತ ಎಂಬ ಹೆಸರುಗಳನ್ನು ಅವ್ವ ಮತ್ತೆಂದೂ ಯಾರಿಗೂ ಇಡಲು ಬಿಡಲಿಲ್ಲ. ಕರೆಯಲು ಆಕೆಯ ಬಾಯಲ್ಲಿ ಉಳಿದಿದ್ದ ಒಂದೇ ಮಗನ ಹೆಸರನ್ನು ನಾನು ಕಸಿದುಕೊಂಡಿದ್ದೆ. ಮರುದಿನ ಸಂಜೆ ಆಕೆ ಗ್ಯಾಲರಿಯಲ್ಲಿ ನಿಂತು ತಿಪ್ಯಾ ಎಂದು ಕೂಗಿದಾಗ ಕೆಳಗಿನಿಂದ ಇಬ್ಬರೂ ಮೆಟ್ಟಿಲು ಹತ್ತಿದೆವು. ಶೆಟ್ಟರು ಬಾಗಿಲಲ್ಲಿ ನಿಂತು, "ಒಂದೇ ಹೆಸ್ರಲ್ಲಿ ಎರಡು ಜನ ಬಂದ್ರಲ್ಲ ಮಾರಾಯ್ರೆ!" ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಜೊತೆಗೆ ನಾನೂ ನಕ್ಕೆ.

ನಾಯಿ ಆರು ವರ್ಷ ನಮ್ಮೊಂದಿಗಿತ್ತು. ಅದು ಹೋದ ವಾರದಲ್ಲಿ ಒಂದು ಸಂಜೆ ಅವ್ವ ರೂಢಿಯ ಮೇಲೆ, ಕೈಯಲ್ಲಿ ರೊಟ್ಟಿಯ ತುಂಡು ಹಿಡಿದು ಗ್ಯಾಲರಿಯಲ್ಲಿ ಕರೆದಳು. ನಾನು ಒಳಗಿನಿಂದ "ಏನವ್ವಾ?" ಎಂದು ಬಂದೆ. ಆಕೆ ರೊಟ್ಟಿಯನ್ನು ನೋಡಿದಳು, ನನ್ನನ್ನು ನೋಡಿದಳು, ತುಂಡನ್ನು ನನ್ನ ಕೈಗಿಟ್ಟಳು. ನಾನು ಅಲ್ಲೇ ನಿಂತು ತಿಂದೆ. ಬಿಲ್ಲೆಯನ್ನು ಸಂಚಿಯೊಳಗಿಟ್ಟುಕೊಂಡದ್ದು ಅದೇ ದಿನವಿರಬೇಕು. ಈಗ ಅವ್ವನೂ ಇಲ್ಲ. ಹಾಗೆ ಕರೆಯುವವರು ಯಾರೂ ಇಲ್ಲ.

ಚಹಾದ ಕಪ್ಪು ಹಿಡಿದು ಹೊರಗೆ ಬಂದಾಗ ಮೊಮ್ಮಗಳು ಬಿಲ್ಲೆಯನ್ನು ಉಜ್ಜಿ ಉಜ್ಜಿ ಹೊಳೆಯುವಂತೆ ಮಾಡಿದ್ದಳು. ಪ್ರಶ್ನೆಯನ್ನು ಮರೆತಿರಲಿಲ್ಲ. ತಿಪ್ಪಣ್ಣ ಎಂದೆ.

"ಅದು ನಿನ್ನ ನಾಮ್ ಅಲ್ಲವಾ ಅಜ್ಜಾ?"

"ಹೌದವ್ವಾ, ನಂದ. ನಡುವ ಒಂದಿಷ್ಟು ದಿನ ನಾ ಅದನ್ನ ಬಿಟ್ಟಿದ್ನಿ. ಆ ನಾಯಿ ಕಾಯ್ದು ಕೊಟ್ಟಿತು."