ಜನವರಿ ಒಂದರಂದು ಹುಟ್ಟಿದವರು

ಕುಂಬಾರಕೊಪ್ಪಲಿನ ನಮ್ಮ ಗಲ್ಲಿಯಲ್ಲಿ ನನ್ನ ಫೋನು ಎಲ್ಲರ ಫೋನಾಗಿತ್ತು. ಗ್ಯಾಸಿಗೆ, ರೇಷನ್ ಕಾರ್ಡಿಗೆ, ಆಸ್ಪತ್ರೆ ಚೀಟಿಗೆ ಹೆಂಗಸರು ನನ್ನ ನಂಬರನ್ನೇ ಕೊಡುತ್ತಿದ್ದರು. ಅವರ ಮನೆಯ ಫೋನನ್ನು ಗಂಡ ಎತ್ತಿಕೊಂಡು ಹೋಗಿರುತ್ತಿದ್ದ. ನಾನು ಇಡ್ಲಿ ಗಾಡಿಯವಳು, ಒಬ್ಬಳೇ ಇರುವವಳು, ಫೋನು ಸದಾ ಸೊಂಟದಲ್ಲೇ. ಸಿಲಿಂಡರ್ ಬಂತು ಎಂದು ಕೂಗುವುದು ನನಗೇನು ಭಾರ?

ಹೋದ ವರ್ಷ ಗಾಡಿಯ ಅಚ್ಚು ಮುರಿಯಿತು. ಬನ್ನಿಮಂಟಪದ ಹತ್ತಿರ ಮರದ ಕೆಳಗೆ ನನ್ನ ಜಾಗ. ನೆಲದ ಮೇಲೆ ಪಾತ್ರೆ ಇಟ್ಟುಕೊಂಡು ಕೂತೆ. ಧೂಳು ಎಂದು ಜನ ಮುಂದೆ ಹೋದರು. ಪಕ್ಕದ ಎಳನೀರಿನವನು ದಿನಾ ತನ್ನ ಗಾಡಿಯನ್ನು ಒಂದೊಂದು ಗೇಣು ನನ್ನ ಕಡೆ ಸರಿಸುತ್ತಿದ್ದ. ದಸರಾದೊಳಗೆ ಹೊಸ ಗಾಡಿ ನಿಲ್ಲಿಸದಿದ್ದರೆ ಜಾಗ ಅವನದೇ. ಬ್ಯಾಂಕಿಗೆ ಹೋಗಿ ಸಾಲಕ್ಕೆ ಬರೆಸಿ ಬಂದೆ.

ಅದೇ ವಾರ ಫೋನು ಶುರುವಾಯಿತು. ಹಿಟ್ಟು ರುಬ್ಬುವಾಗ, ಬಚ್ಚಲಲ್ಲಿರುವಾಗ, ಬಾಯಿಗೆ ತುತ್ತು ಇಡುವಾಗ.

"ಟಿವಿ ಸಾಲ ಯಾವಾಗ ಕಟ್ತೀಯಾ?"

"ನಮ್ಮನೇಲಿ ಟಿವಿನೇ ಇಲ್ಲ ಕಣಪ್ಪ."

"ಈ ಹೆಸರು ನಿಂದೇ ತಾನೆ?"

ಹೆಸರು ನನ್ನದೇ. ಆದರೆ ನಮ್ಮ ಮನೆ ಹಿಂದುಗಡೆಯ ಮನೆಯಲ್ಲಿ ಬಾಡಿಗೆಗಿದ್ದವಳ ಹೆಸರೂ ಅದೇ. ಟಿವಿ ತಂದವಳು ಅವಳು, ಅಂಗಡಿಯಲ್ಲಿ ಕೊಟ್ಟ ನಂಬರು ನನ್ನದು. ಈಗ ಅವಳು ಮನೆ ಬಿಟ್ಟು ಉದಯಗಿರಿಗೆ ಹೋಗಿದ್ದಳು.

ಆಮೇಲೆ ಇಬ್ಬರು ಹುಡುಗರು ಬೈಕಿನಲ್ಲಿ ನನ್ನ ಜಾಗಕ್ಕೇ ಬಂದರು. ತಿನ್ನುತ್ತಿದ್ದ ಗಿರಾಕಿಗಳ ಮುಂದೆ ಒಬ್ಬ ಗಂಟಲು ಹರಿದುಕೊಂಡ. "ಈವಮ್ಮನ ಹತ್ರ ಇಡ್ಲಿ ತಿನ್ನೋರೆಲ್ಲ ನೋಡ್ಕಳಿ, ಟಿವಿ ತಗೊಂಡು ದುಡ್ಡು ಮುಳುಗ್ಸವ್ಳೆ." ಎಳನೀರಿನವನು ಕಾಯಿ ಕೆತ್ತುವುದನ್ನು ಬಿಟ್ಟು ನಿಂತು ಕೇಳಿದ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲು ಆಗಲಿಲ್ಲ. ಬೈಕಿನ ಸದ್ದಾದರೆ ಸಾಕು, ಸೌಟು ಕೈಯಲ್ಲೇ ನಿಲ್ಲುತ್ತಿತ್ತು.

ಬ್ಯಾಂಕಿನವರು ಸಾಲ ಇಲ್ಲ ಎಂದರು. ಸಾಲದ ಮೇಜಿನ ಹೆಣ್ಣುಮಗಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಇಂಗ್ಲಿಷು. ನನಗೆ ಓದಲು ಬರುವುದಿಲ್ಲ.

"ಅಮ್ಮ, ನಿಮ್ಮ ಕ್ರೆಡಿಟ್ ರಿಪೋರ್ಟ್‌ನಲ್ಲಿ ಕಟ್ಟದ ಟಿವಿ ಸಾಲ ಇದೆ."

"ನಂದಲ್ಲ ಅದು."

ಅವಳು ಇನ್ನೊಮ್ಮೆ ನೋಡಿದಳು. "ಹೆಸರು ಒಂದೇ, ಫೋನ್ ಒಂದೇ. ಹುಟ್ಟಿದ ದಿನಾನೂ ಒಂದೇ ಇದ್ಯಲ್ಲ. ಜನವರಿ ಒಂದು, ವರ್ಷಾನೂ ಅದೇ."

ಆಗ ಹೊಳೆಯಿತು. ಆಧಾರ್ ಮಾಡಿಸಲು ನಾನೂ ಆ ಬಾಡಿಗೆಯವಳೂ ಜೊತೆಯಲ್ಲೇ ಹೋಗಿದ್ದೆವು. ಹುಟ್ಟಿದ ದಿನ ನನಗೆ ಗೊತ್ತಿಲ್ಲ ಎಂದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ವಯಸ್ಸನ್ನು ಅಂದಾಜು ಮಾಡಿ ಜನವರಿ ಒಂದು ಎಂದು ಹೊಡೆದ. ನನ್ನ ಹಿಂದೆ ನಿಂತಿದ್ದ ಅವಳು "ನಂಗೂ ಅವ್ರಷ್ಟೇ ಹಾಕ್ಬುಡಿ" ಎಂದಳು. ಅವಳು ನನಗಿಂತ ಎಷ್ಟೋ ಚಿಕ್ಕವಳು. ಹಾಕಿಬಿಟ್ಟ.

"ನಮ್ ಗಲ್ಲೀಲಿ ಅರ್ಧ ಜನ ಅವತ್ತೇ ಹುಟ್ಟಿರೋದು ಕಣಮ್ಮ. ಎಲ್ರ ಸಾಲಾನೂ ನನ್ ತಲೆಗೇ ಕಟ್ತೀರಾ?"

ಬ್ಯಾಂಕಿನವಳಿಗೆ ನಗು ಬಂತು, ನನಗೆ ಬರಲಿಲ್ಲ. ಆಧಾರ್ ನಂಬರು ಬೇರೆ, ಸಹಿ ಬೇರೆ ಎಂದು ತೋರಿಸಿ ದೂರು ಕೊಡಿ ಎಂದಳು. ಇಡೀ ರಿಪೋರ್ಟನ್ನು ವರ್ಷಕ್ಕೊಮ್ಮೆ ಪುಕ್ಕಟೆ ಕೇಳಬಹುದಂತೆ. ತಪ್ಪಿದ್ದರೆ ತಿಂಗಳೊಳಗೆ ಸರಿ ಮಾಡಬೇಕಂತೆ, ತಡವಾದರೆ ರಿಪೋರ್ಟ್ ಮಾಡುವ ಕಂಪನಿಯವರೇ ನನಗೆ ದಂಡ ಕಟ್ಟಬೇಕಂತೆ. ವಸೂಲಿಯವರು ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ಮೇಲೆ ಫೋನು ಮಾಡುವಂತಿಲ್ಲ, ನಾಲ್ಕು ಜನರ ಮುಂದೆ ಮಾನ ಕಳೆಯುವಂತಿಲ್ಲ. ನಾನು ಹೇಳಿದೆ, ಅವಳು ಬರೆದಳು, ಸಹಿ ನಾನೇ ಹಾಕಿದೆ.

ಹುಡುಗರು ಮತ್ತೆ ಬಂದರು. ಈ ಸಲ ಬೆಣ್ಣೆಯಂಥ ಮಾತು.

"ಅಜ್ಜಿ, ಆ ಟಿವಿ ತಗೊಂಡವ್ರು ಎಲ್ಲವ್ರೆ ಅಂತ ಹೇಳ್ಬುಡಿ. ನಿಮ್ ತಂಟೆಗೇ ಬರಲ್ಲ."

"ಹುಡ್ಕೋದು ನಿನ್ ಕೆಲ್ಸ ಕಣಪ್ಪ. ಸಂಬಳ ನಂಗೆ ಕೊಡ್ತೀಯಾ?"

"ಗೊತ್ತಿಲ್ವಾ, ಹೇಳಲ್ವಾ?"

"ಹೇಳಲ್ಲ. ದೂರು ಕೊಟ್ಟಿವ್ನಿ, ನಿನ್ ಬೈಕ್ ನಂಬರೂ ಬರ್ಸಿವ್ನಿ. ಇಡ್ಲಿ ತಿಂತೀಯಾ, ಹೊರಡ್ತೀಯಾ?"

ಅವಳ ಮೇಲಿನ ಪ್ರೀತಿಯಿಂದ ಬಾಯಿ ಮುಚ್ಚಿಕೊಳ್ಳಲಿಲ್ಲ. ಸಿಕ್ಕಿದ್ದರೆ ನಾನೇ ನಾಲ್ಕು ಬಾರಿಸುತ್ತಿದ್ದೆ. ಆದರೆ ನನಗೆ ಆದದ್ದು ಅವಳ ಬಾಗಿಲಲ್ಲೂ ಆಗಲಿ ಎಂದು ದಾರಿ ತೋರಿಸುವವಳು ನಾನಲ್ಲ.

ತಿಂಗಳು ತುಂಬುವ ಹೊತ್ತಿಗೆ ಆ ಸಾಲ ನನ್ನ ಹೆಸರಿನಿಂದ ಹೋಯಿತು. ಬ್ಯಾಂಕು ಸಾಲ ಕೊಟ್ಟಿತು, ದಸರೆಗೆ ಮೊದಲೇ ಗಾಡಿ ಬಂತು. ಅಷ್ಟರಲ್ಲಿ ಎಳನೀರಿನವನ ಒಂದು ಚಕ್ರ ನನ್ನ ಜಾಗದೊಳಗೇ ಇತ್ತು. ಹೊಸ ಗಾಡಿಯನ್ನು ಅದಕ್ಕೆ ತಾಗಿಸಿ ನಿಂತೆ. ಗೊಣಗಿಕೊಂಡು ಹಿಂದೆ ಹೋದ.

ಮೊನ್ನೆ ಎದುರು ಮನೆಯವಳು ಗ್ಯಾಸಿಗೆ ನಂಬರು ಕೊಡಲೇ ಎಂದು ಕೇಳಿದಳು. ಬೇಡ ಎಂದೆ. ಮುಖ ಊದಿಸಿಕೊಂಡು ಹೋದಳು. ಈಗ ಫೋನು ಬರುವುದೇ ಅಪರೂಪ. ಆದರೂ ಇಡ್ಲಿ ತೆಗೆಯುತ್ತಾ ತೆಗೆಯುತ್ತಾ ಅದನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.