ಊಟ ಆದ ಮೇಲೆ ಒಂದು

ಕನ್ನಡಿ ಅಂಗಡಿಗೆ ಬರುವವರು ಅಂಗಡಿಯವನ ಮುಖ ನೋಡುವುದಿಲ್ಲ. ಅಳತೆ ಹೇಳುತ್ತಲೇ ಕೂದಲು ಸರಿಮಾಡಿಕೊಳ್ಳುತ್ತಾರೆ, ಚೌಕಾಸಿ ಮಾಡುತ್ತಲೇ ಹಲ್ಲು ಪರೀಕ್ಷಿಸಿಕೊಳ್ಳುತ್ತಾರೆ. ಗೋಡೆ ತುಂಬ ತಮ್ಮದೇ ಮುಖವಿರುವಾಗ ಮೂಲೆಯಲ್ಲಿ ಕುಳಿತ ಬೋಳುತಲೆಯವನನ್ನು ಯಾಕಾದರೂ ನೋಡಿಯಾರು? ಹೀಗಾಗಿ ಕನ್ನಡಿ ಮಾಮನ ಹೆಸರು ಬೀದಿಗೆಲ್ಲ ಗೊತ್ತು, ಮುಖ ಮಾತ್ರ ಯಾರಿಗೂ ನೆನಪಿಲ್ಲ.

ಅಂಗಡಿಯ ಹಿಂದಿನ ಒಂದೇ ಕೋಣೆ ಅವನ ಮನೆ. ಅಲ್ಲಿ ಅಕ್ಕ ಇದ್ದಳು. ಮದುವೆಯಾಗದ ತಮ್ಮನಿಗೆ ಬೇಯಿಸಿ ಹಾಕುತ್ತ, ಹೊತ್ತು ಹೊತ್ತಿಗೆ ಬೈಯುತ್ತ ಇದ್ದಳು. ಅವಳು ತೀರಿಕೊಂಡ ಮೇಲೆ ಬೈಯುವವರಿಲ್ಲ. ಮನಸ್ಸಾದರೆ ಒಲೆ ಹಚ್ಚುತ್ತಿದ್ದ, ಇಲ್ಲವಾದರೆ ಚಹಾ ಕುಡಿದು ಮಲಗುತ್ತಿದ್ದ. ಕೆಲವು ದಿನ ಗಾಜಿನ ಉದ್ದಗಲ ಬಿಟ್ಟರೆ ಬೇರೆ ಮಾತೇ ಅವನ ಬಾಯಿಂದ ಹೊರಡುತ್ತಿರಲಿಲ್ಲ.

ಅವನಿಗೊಂದು ಕೆಟ್ಟ ಚಟವಿತ್ತು. ಗಾಜಿಗೆ ಗೀರು ಎಳೆದು, ತಟ್ಟಿ ಮುರಿದು, ಅಂಚು ಉಜ್ಜಿದ ಮೇಲೆ ಅದು ನುಣುಪಾಯಿತೇ ಎಂದು ಬಲಗೈ ತೋರುಬೆರಳಿನಿಂದ ಸವರಿ ನೋಡುವುದು. ಕೈಗವಸು ಹಾಕಿದರೆ ಗಾಜಿನ ಮಾತು ಕೇಳಿಸುವುದಿಲ್ಲ ಎನ್ನುತ್ತಿದ್ದ. ಒಂದು ದಿನ ಗಾಜು ಕೊಂಚ ಜೋರಾಗಿಯೇ ಮಾತಾಡಿತು. ಗಾಯ ಚಿಕ್ಕದೆಂದು ಬಟ್ಟೆ ಸುತ್ತಿ ಸುಮ್ಮನಾದ. ಬೆರಳು ಬದನೆಕಾಯಿಯಂತೆ ಊದಿಕೊಂಡಾಗ ಡಾಕ್ಟರ ಬಳಿ ಓಡಿದ. ಆ ಬೆರಳಿಲ್ಲದಿದ್ದರೆ ಗಾಜು ಕೊಯ್ಯುವ ಕಟರನ್ನು ಹಿಡಿಯುವುದು ಹೇಗೆ? ಅವನಿಗೆ ಬೇರೆ ಕೆಲಸವೂ ಬರುವುದಿಲ್ಲ, ಬೇರೆ ಬೆರಳೂ ಪಳಗಿಲ್ಲ. ಡಾಕ್ಟರು ಗಾಯ ತೊಳೆದು ಕಟ್ಟಿ, ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು.

ಔಷಧಿ ಅಂಗಡಿ ಬೀದಿಯ ತಿರುವಿನಲ್ಲಿತ್ತು. ಅಲ್ಲಿದ್ದ ಕನ್ನಡಕದ ಹೆಂಗಸು ಚೀಟಿ ಓದಿ, ತಲೆಯೆತ್ತಿ, ನೇರವಾಗಿ ಅವನ ಮುಖವನ್ನೇ ನೋಡಿದಳು.

"ಮಾಮಾ, ಮುಂಚೆ ಯಾವ ಮಾತ್ರೆಗಾದ್ರೂ ಮೈಮೇಲೆ ದದ್ದು ಎದ್ದಿತ್ತಾ? ಉಸಿರು ಕಟ್ಟಿತ್ತಾ?"

"ಇಲ್ಲಮ್ಮ."

"ಬೇರೆ ಔಷಧಿ ಏನಾದ್ರೂ ತಗೋತಿದ್ದೀರಾ? ಬಿಪಿ, ಶುಗರ್?"

"ನನಗೇನೂ ಇಲ್ಲಮ್ಮ" ಎಂದ. ಅವನ ಮೈಯ ಬಗ್ಗೆ ಯಾರಾದರೂ ಇಷ್ಟು ವಿಚಾರಿಸಿ ವರ್ಷಗಳೇ ಆಗಿದ್ದವು.

"ಬೆಳಿಗ್ಗೆ ಒಂದು, ರಾತ್ರಿ ಒಂದು. ಊಟ ಆದ್ಮೇಲೇ. ನೋವು ಹೋಯ್ತು ಅಂತ ಮಧ್ಯದಲ್ಲಿ ಬಿಡ್ಬೇಡಿ, ಬರೆದಿರೋದಷ್ಟೂ ಮುಗಿಸ್ಬೇಕು. ದದ್ದು ಬಂತು, ಮುಖ ಊದಿತು ಅಂದ್ರೆ ತಕ್ಷಣ ಡಾಕ್ಟ್ರ ಹತ್ರ ಹೋಗಿ. ಮಾತ್ರೆ ಮುಗಿಯೋವರೆಗೂ ಸಂಜೆ ಬಂದು ಬೆರಳು ತೋರ್ಸಿ."

ಮರುದಿನ ಸಂಜೆ ಹೋದ. "ಊಟ ಆದ್ಮೇಲೆ ತಾನೇ ತಗೊಂಡಿದ್ದು?" ಎಂದು ಕೇಳಿದಳು.

"ಬ್ರೆಡ್ ತಿಂದು..."

"ಒಣ ಬ್ರೆಡ್ಡು ಊಟ ಅಲ್ಲ ಮಾಮಾ! ಹೊಟ್ಟೆ ಕೆಡುತ್ತೆ ಆಮೇಲೆ!"

ಬೈಸಿಕೊಂಡ ಮಾಮ ಕುಣಿಯುವುದೊಂದು ಬಾಕಿ. ಅಷ್ಟು ಹಗುರಾಗಿ ಮನೆಗೆ ಬಂದು ಒಲೆ ಹಚ್ಚಿದ. ಆ ಹೆಂಗಸಿನ ಮುಖ ನೋಡಿಕೊಂಡು ಊಟದ ವಿಷಯದಲ್ಲಿ ಸುಳ್ಳು ಹೇಳಲು ಅವನಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಹಾಗಾಗಿ ದಿನಾ ಅಡುಗೆ ಮಾಡಿದ, ದಿನಾ ಗಡ್ಡ ಹೆರೆದುಕೊಂಡ, ದಿನಾ ತಿರುವಿಗೆ ಹೋಗಿ ಬೆರಳು ತೋರಿಸಿದ. ಊತ ಇಳಿಯಿತು. ಅದರ ಜೊತೆಗೇ ಮಾತ್ರೆಯ ಹಾಳೆಯೂ ಬರಿದಾಗುತ್ತ ಬಂತು.

ಆಗಲೇ ಅವನ ಬುದ್ಧಿಗೆ ಮಂಕು ಬಡಿದದ್ದು. ಮಾತ್ರೆ ಮುಗಿದರೆ ಸಂಜೆಯ ಆ ಪ್ರಶ್ನೆಯೂ ಮುಗಿಯುತ್ತದೆ. ಬೆಳಗಿನ ಮಾತ್ರೆಯನ್ನು ಬಿಡತೊಡಗಿದ. "ಇನ್ನೂ ಇದ್ಯಾ ಮಾತ್ರೆ?" ಎಂದು ಗಿರಾಕಿಗಳ ಗದ್ದಲದ ನಡುವೆ ಅವಳು ಕೇಳಿದರೆ, "ಇದೆಯಮ್ಮ" ಎನ್ನುತ್ತಿದ್ದ. ಇದ್ದದ್ದು ನಿಜವೇ. ಪಾಪ, ಇಂಥ ಜಿಪುಣತನವೂ ಲೋಕದಲ್ಲಿದೆಯೆಂದು ಅವಳಿಗೆ ಹೇಗೆ ತಿಳಿಯಬೇಕು?

ಕೆಲವೇ ದಿನಗಳಲ್ಲಿ ಬೆರಳು ಮತ್ತೆ ಕೆಂಪಾಯಿತು. ಮೈಯಲ್ಲಿ ನಡುಕ ಹುಟ್ಟಿತು, ಮಣಿಕಟ್ಟು ದಾಟಿ ಕೆಂಪು ಗೆರೆಯೊಂದು ಮೇಲೇರಿತು. ಹೆದರಿ ಡಾಕ್ಟರಲ್ಲಿಗೆ ಹೋದ.

"ಮಾತ್ರೆ ಸರಿಯಾಗಿ ತಗೊಂಡ್ರಾ?"

"ಬೆಳಗಿಂದು ಬಿಟ್ಟೆ ಸಾರ್."

"ಯಾಕ್ರೀ?"

ಕಾರಣ ಹೇಳಲು ಹೊರಟರೆ ಅಕ್ಕ ಸತ್ತಲ್ಲಿಂದ ಶುರುಮಾಡಬೇಕು. "ಮರೆತೆ" ಎಂದ.

"ಇನ್ನಷ್ಟು ತಡ ಮಾಡಿದ್ರೆ ಬೆರಳೇ ತೆಗೀಬೇಕಾಗ್ತಿತ್ತು" ಎಂದ ಡಾಕ್ಟರು ಕೀವು ತೆಗೆದು, ಇಂಜೆಕ್ಷನ್ ಚುಚ್ಚಿ, ಬೇರೆ ಮಾತ್ರೆ ಬರೆದರು.

ಔಷಧಿ ಅಂಗಡಿಯಲ್ಲಿ, ಅವನು ತಂದಿದ್ದ ಹಳೆಯ ಮಾತ್ರೆಯ ಹಾಳೆ ನೋಡಿದ ಹೆಂಗಸಿನ ಮುಖ ಸಪ್ಪಗಾಯಿತು. "ಇನ್ನೂ ಉಳಿದಿದ್ಯಲ್ಲ ಮಾಮಾ! ದಿನಾ ಕೇಳ್ತಿದ್ನಲ್ಲ ನಾನು?"

ನೀನು ಕೇಳುತ್ತಿದ್ದೆ ಎಂದೇ ಉಳಿಸಿಕೊಂಡೆ, ಎಂಬ ಮಾತು ಮಾಮನ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು. ಅವಳು ಹಳೆಯ ಮಾತ್ರೆಗಳನ್ನು ಕಿತ್ತುಕೊಂಡಳು. "ಇವನ್ನ ಇನ್ನೊಂದ್ಸಲಕ್ಕೆ ಅಂತ ಇಟ್ಕೋಬಾರ್ದು, ಯಾರಿಗೂ ಕೊಡಲೂಬಾರ್ದು" ಎಂದಳು.

ಈ ಸಲ ಮಾಮ ಒಂದು ಹೊತ್ತೂ ತಪ್ಪಿಸಲಿಲ್ಲ. ಒಂದೊಂದು ಮಾತ್ರೆ ನುಂಗುವಾಗಲೂ ಸಂಕಟವಾಗುತ್ತಿತ್ತು, ಆದರೂ ನುಂಗಿದ. ಕೊನೆಯ ದಿನ ಮಾತ್ರೆಯ ಖಾಲಿ ಹಾಳೆಯನ್ನೂ ವಾಸಿಯಾದ ಬೆರಳನ್ನೂ ಅವಳ ಮುಂದೆ ಹಿಡಿದ.

"ಭೇಷ್ ಮಾಮಾ!" ಅವಳ ಮುಖ ಅರಳಿತು. "ಇನ್ನು ನಮ್ಮ ಅಂಗಡಿ ಮೆಟ್ಟಿಲು ಹತ್ತೋ ಹಾಗೆ ಆಗದೇ ಇರ್ಲಿ!"

ಔಷಧಿ ಮಾರುವವರು ಮನಸಾರೆ ಹಾರೈಸುವುದು ಹೀಗೆಯೇ. ಅದಕ್ಕಿಂತ ಒಳ್ಳೆಯ ಮಾತು ಅವರಲ್ಲಿಲ್ಲ.

"ಆಗಲಿ ತಾಯಿ" ಎಂದು ಮಾಮ ಮೆಟ್ಟಿಲಿಳಿದ.

ಮರುದಿನ ಸಂಜೆ ಅಂಗಡಿ ಮುಚ್ಚಿದ ಮೇಲೆ ಕಾಲು ತಾನಾಗಿ ತಿರುವಿನತ್ತ ಹೊರಟಿತು. ರಸ್ತೆಯ ಈಚೆಗೇ ನಿಂತ. ಆಚೆ, ಔಷಧಿ ಅಂಗಡಿಯ ಮುಂದೆ, ಹಲ್ಲುನೋವಿಗೆ ಕೆನ್ನೆ ಊದಿದ್ದ ಯಾರೋ ಫೋನಿನಲ್ಲಿ ಮುಳುಗಿದ್ದರು.

"ಊಟ ಆದ್ಮೇಲೆ ತಾನೇ ತಗೊಂಡಿದ್ದು?" ಹೆಂಗಸು ಅವರನ್ನು ಕೇಳಿದಳು. ಅವರು ತಲೆ ಎತ್ತಲಿಲ್ಲ.

"ಹೂಂ ಕಣಮ್ಮ, ಊಟ ಆಯ್ತು" ಎಂದ ಕನ್ನಡಿ ಮಾಮ, ತನಗಷ್ಟೇ ಕೇಳುವಂತೆ. ಊಟ ಆಗಿರಲಿಲ್ಲ.